ಏನು ಮಾಡಬೇಕೋ ಗೊತ್ತಾಗ್ತಿಲ್ಲ, ಕರ್ತನೇ

ಬೈಬಲಲ್ಲಿ ನಿಮಗೆ ತುಂಬಾ ಹಿಡಿಸಿದ ಪ್ರಾರ್ಥನೆ ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ದಾವೀದನ ಕೀರ್ತನೆ ಹೇಳಲ್ಲ, ಯೆಹೋಶಾಫಾಟ ರಾಜನ ಪ್ರಾರ್ಥನೆ ಹೇಳ್ತೀನಿ. 2 ಪೂರ್ವಕಾಲವೃತ್ತಾಂತ 20ನೇ ಅಧ್ಯಾಯ. ಮೋವಾಬ್ಯರು, ಅಮ್ಮೋನಿಯರು ಎಲ್ಲಾ ಸೇರ್ಕೊಂಡು ದೊಡ್ಡ ದಂಡು ಕಟ್ಕೊಂಡು ಬರ್ತಿದ್ದಾರೆ, ಏಂಗೆದಿವರೆಗೂ ಬಂದಾಗಿದೆ ಅಂತ ಸುದ್ದಿ ಬರುತ್ತೆ. ರಾಜನಿಗೆ ಹೆದರಿಕೆ ಆಯ್ತು ಅಂತ ಅಲ್ಲಿ ನೇರವಾಗೇ ಬರೆದಿದೆ, ಮುಚ್ಚಿಟ್ಟಿಲ್ಲ. ಅವನು ಯೆಹೂದ ದೇಶಕ್ಕೆಲ್ಲ ಉಪವಾಸ ಸಾರಿಸ್ತಾನೆ, ಊರೂರಿಂದ ಜನ ಹೆಂಡತಿ ಮಕ್ಕಳು ಕೂಸುಗಳ ಸಮೇತ ದೇವಾಲಯದ ಅಂಗಳಕ್ಕೆ ಬಂದು ನಿಲ್ತಾರೆ, ಅಷ್ಟೂ ಜನರ ಮುಂದೆ ನಿಂತ್ಕೊಂಡು ಅವನು ಹೇಳೋದು ಇಷ್ಟು: ಈ ದಂಡಿನ ಮುಂದೆ ನಿಲ್ಲೋ ಶಕ್ತಿ ನಮಗಿಲ್ಲ, ಏನು ಮಾಡಬೇಕು ಅಂತಾನೂ ತಿಳೀತಿಲ್ಲ, ನಮ್ಮ ಕಣ್ಣು ನಿನ್ನ ಮೇಲಿದೆ.

ಒಬ್ಬ ರಾಜ ತನ್ನ ಪ್ರಜೆಗಳ ಮುಂದೆ "ನನಗೆ ಗೊತ್ತಿಲ್ಲ" ಅಂತ ಹೇಳೋದು ಎಷ್ಟು ದೊಡ್ಡ ವಿಷಯ ನೋಡಿ. ನಮ್ಮ ಮನೆಗಳಲ್ಲಿ ಯಜಮಾನ ಅನ್ನಿಸಿಕೊಂಡವರು ಮಕ್ಕಳ ಮುಂದೆ ಈ ಮಾತು ಹೇಳೋದು ಎಷ್ಟು ಅಪರೂಪ. ಆಫೀಸಲ್ಲಂತೂ ಕೇಳಲೇಬೇಡಿ. ಅದಕ್ಕೇ ಪ್ರಾರ್ಥನೆಯಲ್ಲಿ ಜ್ಞಾನ ಕೇಳೋದು ಅಂದ್ರೆ ಮೊದಲನೇ ಕೆಲಸ ಇದೇ ಅಂತ ನನಗೆ ಅನ್ನಿಸೋದು, ಗೊತ್ತಿಲ್ಲ ಅನ್ನೋದನ್ನ ಬಾಯಿ ಬಿಟ್ಟು ಹೇಳೋದು. ನಾವು ಎಷ್ಟೋ ಸಲ ಮೊಣಕಾಲೂರಿ ಕೂತ್ಕೊಂಡು ದೇವರಿಗೇ ಪ್ಲಾನ್ ವಿವರಿಸ್ತಾ ಇರ್ತೀವಿ, ಇಂಥ ತಾರೀಕಿನೊಳಗೆ ಇಂಥ ಬಾಗಿಲು ತೆರೀಬೇಕು, ಇಂಥವರ ಮನಸ್ಸು ಬದಲಾಗಬೇಕು, ಆಮೆನ್. ಅದೂ ಪ್ರಾರ್ಥನೆಯೇ, ದೇವರು ಅದನ್ನೂ ಕೇಳಿಸ್ಕೊಳ್ತಾನೆ, ಆದ್ರೆ ಅದರಲ್ಲಿ ಜ್ಞಾನ ಕೇಳಿದ ಹಾಗೆ ಆಗಲ್ಲ.

ಯಾಕೋಬನ ಪತ್ರಿಕೆಯ ಮೊದಲನೇ ಅಧ್ಯಾಯದ ಐದನೇ ವಚನ ನಮ್ಮ ಸಭೆಗಳಲ್ಲಿ ಹತ್ತನೇ ಕ್ಲಾಸ್ ಪರೀಕ್ಷೆ ಬಂದಾಗೆಲ್ಲ ಹೇಳ್ತಾರೆ, ನಿಮ್ಮಲ್ಲಿ ಯಾರಿಗಾದ್ರೂ ಜ್ಞಾನ ಕಡಿಮೆ ಇದ್ರೆ ದೇವರನ್ನ ಕೇಳಲಿ ಅಂತ. ಮಕ್ಕಳಿಗೆ ಪೆನ್ನು ಹಿಡಿದು ಪ್ರಾರ್ಥನೆ ಮಾಡಿ ಕೊಡೋವಾಗ ಇದೇ ವಚನ. ತಪ್ಪೇನಿಲ್ಲ, ಆದ್ರೆ ಅದರ ಹಿಂದಿನ ಮೂರು ವಚನ ಓದಿದ್ರೆ ಅಲ್ಲಿ ಮಾತಾಡ್ತಿರೋದು ಕಷ್ಟಗಳ ಬಗ್ಗೆ, ನಾನಾ ಥರದ ಸಂಕಟದಲ್ಲಿ ಸಿಕ್ಕಿಹಾಕ್ಕೊಂಡಿರೋರ ಬಗ್ಗೆ. ಅಂಥವರಿಗೆ ಯಾಕೋಬ ಹೇಳೋದು, ಕೇಳಿ, ಅವನು ಹಂಗಿಸದೆ ಕೊಡ್ತಾನೆ ಅಂತ. ಈ ಒಂದು ಮಾತು ನನ್ನನ್ನ ಎಷ್ಟೋ ರಾತ್ರಿ ಹಿಡಿದು ನಿಲ್ಲಿಸಿದೆ. ಮನುಷ್ಯರ ಹತ್ರ ಸಲಹೆ ಕೇಳೋಕೆ ನಮಗಿರೋ ಹಿಂಜರಿಕೆ ಏನು ಹೇಳಿ? ಕೇಳಿದ ಮೇಲೆ ನಾಳೆ ದಿನ ಅವರು "ನಾನು ಆವಾಗ್ಲೇ ಹೇಳಿರ್ಲಿಲ್ವಾ" ಅಂತಾರೆ, ಇನ್ನೊಬ್ಬರ ಮುಂದೆ "ನಾನು ಹೇಳಿದ್ದಕ್ಕೇ ಅವರ ಮನೆ ಉಳೀತು" ಅಂತಾರೆ, "ಇಷ್ಟು ವಯಸ್ಸಾದ್ರೂ ಇದೂ ಗೊತ್ತಾಗಲ್ವಾ" ಅಂತಾರೆ. ದೇವರ ಹತ್ರ ಆ ಭಯ ಬೇಡ. ಅದೇ ಪ್ರಶ್ನೆನ ಹತ್ತು ಸಲ ತಗೊಂಡು ಹೋದ್ರೂ "ಮತ್ತೆ ಬಂದ್ಯಾ" ಅನ್ನಲ್ಲ. ಯೇಸು ಗೆತ್ಸೇಮನೆ ತೋಟದಲ್ಲಿ ಅದೇ ಮಾತನ್ನ ಮೂರು ಸಲ ಪ್ರಾರ್ಥಿಸಿದ ಅಂತ ಮತ್ತಾಯ ಬರೆದಿದ್ದಾನೆ.

ಅದರ ಮುಂದಿನ ವಚನ ಮಾತ್ರ ಸುಮಾರು ಜನರನ್ನ ಹೆದರಿಸುತ್ತೆ. ಸಂದೇಹ ಪಡದೆ ಕೇಳಬೇಕು, ಸಂದೇಹ ಪಡೋನು ಗಾಳಿಗೆ ಹೊಯ್ದಾಡೋ ಸಮುದ್ರದ ತೆರೆ ಥರ ಅಂತ ಇದೆಯಲ್ಲ, ಅದು. ನಮ್ಮ ಮನೆ ಕೂಟಕ್ಕೆ ಬರೋ ಒಬ್ಬ ಹುಡುಗಿ ಒಂದ್ಸಲ ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ಲು, ಆಂಟಿ ನನಗೆ ಡೌಟ್ ಇರೋದಕ್ಕೇ ತಾನೇ ಪ್ರಾರ್ಥನೆ ಮಾಡ್ತಿರೋದು, ಹಂಗಾದ್ರೆ ನನ್ನ ಪ್ರಾರ್ಥನೆ ಲೆಕ್ಕಕ್ಕೇ ಇಲ್ವಾ ಅಂತ. ನಾನು ಓದ್ಕೊಂಡಿರೋ ಮಟ್ಟಿಗೆ ಅಲ್ಲಿ ಹೇಳ್ತಿರೋದು ಯಾವ ದಾರಿ ಅಂತ ಗೊತ್ತಿಲ್ಲದ ಡೌಟ್ ಅಲ್ಲ. ದೇವರು ಏನಾದ್ರೂ ತೋರಿಸಿದ್ರೆ ಆ ಕಡೆ ಹೋಗ್ತೀನೋ ಇಲ್ವೋ ಅನ್ನೋ ಎರಡು ಮನಸ್ಸು. ಒಂದು ಕೈಲಿ ಕೇಳ್ತಾ ಇನ್ನೊಂದು ಕೈಲಿ ನಮ್ಮ ಆಸೆನ ಗಟ್ಟಿಯಾಗಿ ಹಿಡ್ಕೊಂಡಿರೋದು. ಅವಳಿಗೆ ನಾನು ಹೇಳಿದ್ದೂ ಅಷ್ಟೇ, ದಾರಿ ಗೊತ್ತಿಲ್ಲ ಅನ್ನೋದು ಅಪನಂಬಿಕೆ ಅಲ್ಲ ಮಗಳೇ, ಯೆಹೋಶಾಫಾಟನಿಗೂ ಗೊತ್ತಿರ್ಲಿಲ್ಲ.

ಈಗ ಗುರುತು ಕೇಳೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅನಿಶ್ಚಯದಲ್ಲಿ ಇರೋರಿಗೆ ಎಲ್ಲಕ್ಕಿಂತ ಮೊದಲು ಬೇಕಾಗೋದು ಅದೇ. ನಮ್ಮ ಹಾಸನದ ಕಡೆ ಅಕ್ಕಪಕ್ಕದ ಮನೆಯವರು ದೇವಸ್ಥಾನಕ್ಕೆ ಹೋಗಿ ಹೂವಿನ ಪ್ರಸಾದ ಕೇಳೋದನ್ನ ಚಿಕ್ಕಂದಿನಿಂದ ನೋಡಿದ್ದೀನಿ, ಬಲಗಡೆ ಹೂ ಬಿತ್ತು ಅಂದ್ರೆ ಒಪ್ಪಿಗೆ, ಮದುವೆ ಮಾತುಕತೆ ಮುಂದಕ್ಕೆ. ನಾವು ಕ್ರೈಸ್ತರು ಹಾಗೆ ಕೇಳಲ್ಲ ಅಂತ ಹೇಳ್ಕೊಂಡ್ರೂ ನಮ್ಮದೂ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ವಾಗ್ದಾನದ ಕಾರ್ಡ್ ಇಡ್ತಾರೆ, ಒಬ್ಬೊಬ್ಬರೂ ಒಂದೊಂದು ಎತ್ಕೊಳ್ತಾರೆ, ಬಂದ ವಚನವನ್ನ ವರ್ಷಪೂರ್ತಿ ಫ್ರಿಜ್ ಮೇಲೋ ಬೈಬಲ್ ಒಳಗೋ ಇಟ್ಕೊಳ್ತಾರೆ. ಕಷ್ಟ ಬಂದಾಗ ಕಣ್ಣು ಮುಚ್ಚಿ ಬೈಬಲ್ ತೆಗೆದು ಬೆರಳಿಟ್ಟ ಕಡೆ ಓದೋರೂ ಇದ್ದಾರೆ. ಇವರಲ್ಲಿ ಯಾರನ್ನೂ ನಾನು ಹಗುರವಾಗಿ ನೋಡಲ್ಲ, ದಿಕ್ಕು ತೋಚದ ಜನ ದೇವರಿಂದ ಒಂದು ಮಾತಿಗೆ ಹಂಬಲಿಸೋದು ಅದು, ಆ ಹಂಬಲ ನಿಜವಾದದ್ದು.

ಗುರುತಿಗೆ ಆಧಾರ ಬೇಕು ಅಂದಾಗ ಎಲ್ಲರೂ ತೋರಿಸೋದು ಗಿದ್ಯೋನನನ್ನ, ಮಿದ್ಯಾನ್ಯರ ಕೈಯಿಂದ ಇಸ್ರಾಯೇಲ್ಯರನ್ನ ಬಿಡಿಸು ಅಂತ ದೇವರು ಕರೆದವನು. ಕಣದಲ್ಲಿ ಕುರಿ ಉಣ್ಣೆ ಹಾಸಿ, ಬೆಳಗ್ಗೆ ಉಣ್ಣೆ ಮಾತ್ರ ಮಂಜಿಗೆ ನೆಂದು ನೆಲ ಒಣಗಿರಲಿ ಅಂದ, ಹಾಗೇ ಆಯ್ತು, ಬಟ್ಟಲು ತುಂಬ ನೀರು ಹಿಂಡಿದ. ಮರುದಿನ ಉಲ್ಟಾ ಕೇಳಿದ, ಉಣ್ಣೆ ಒಣಗಿರಲಿ ನೆಲ ನೆಂದಿರಲಿ, ಅದೂ ಆಯ್ತು. ಆದ್ರೆ ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನ ಮೊದಲಿಂದ ಓದಿದ್ರೆ ಗೊತ್ತಾಗುತ್ತೆ, ಏನು ಮಾಡಬೇಕು ಅಂತ ದೇವರು ಅವನಿಗೆ ಅಷ್ಟೊತ್ತಿಗೆ ಹೇಳಿ ಆಗಿತ್ತು. ಅವನಿಗೆ ಬೇಕಾಗಿದ್ದು ದಾರಿ ಅಲ್ಲ, ಧೈರ್ಯ. ದೇವರು ಬೈಯದೆ ಅದನ್ನೂ ಕೊಟ್ಟ. ನಾವು ಗುರುತು ಕೇಳೋವಾಗ ಒಂದು ಸಲ ನಿಂತು ನೋಡ್ಕೊಬೇಕು, ನಿಜವಾಗ್ಲೂ ಗೊತ್ತಿಲ್ವಾ ಅಥವಾ ಗೊತ್ತಿರೋದನ್ನ ಮಾಡೋಕೆ ಭಯಾನಾ ಅಂತ. ಎರಡಕ್ಕೂ ಪ್ರಾರ್ಥನೆ ಬೇರೆ ಬೇರೆ.

ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ ಕತೆ ಇಲ್ಲಿ ನನಗೆ ಯಾವಾಗ್ಲೂ ನೆನಪಾಗುತ್ತೆ. 1939ರ ಜೂನ್‌ನಲ್ಲಿ ಅವರು ನ್ಯೂಯಾರ್ಕಿಗೆ ಬಂದಿಳಿದ್ರು. ಹಿಟ್ಲರನ ಸೈನ್ಯಕ್ಕೆ ಕರೆ ಬರೋದರಲ್ಲಿತ್ತು, ಸ್ನೇಹಿತರು ಸೇರಿ ಅಮೆರಿಕದಲ್ಲಿ ಕೆಲಸ ಹೊಂದಿಸಿ ಜೀವ ಉಳಿಸೋ ದಾರಿ ಮಾಡಿದ್ರು. ಬಂದ ದಿನದಿಂದ ಮನಸ್ಸಿಗೆ ನೆಮ್ಮದಿ ಇಲ್ಲ, ಪ್ರಾರ್ಥನೆ, ಡೈರಿ, ಬೀದಿಯಲ್ಲಿ ಒಬ್ಬರೇ ಓಡಾಟ. ಇಲ್ಲಿ ಇರಲ್ಲ, ವಾಪಸ್ ಹೋಗ್ತೀನಿ ಅಂತ ಜೂನ್ 20ಕ್ಕೆ ತಿಳಿಸಿಬಿಟ್ರು, ಅದೇ ದಿನ ಡೈರಿಯಲ್ಲಿ, ನನ್ನ ನಿರ್ಧಾರಗಳಿಗೆ ಕಾರಣ ಏನು ಅಂತ ನನಗೇ ಪೂರ್ತಿ ಸ್ಪಷ್ಟ ಆಗಲ್ಲ, ಇದು ನನ್ನೊಳಗಿನ ಗೊಂದಲಾನೋ ಅಥವಾ ನಮಗೆ ತಿಳಿಯದ ಹಾಗೆ ನಡೆಸಲ್ಪಡ್ತಿದ್ದೀವೋ ಅನ್ನೋ ಅರ್ಥದಲ್ಲಿ ಬರೆದ್ರು. ಜೂನ್ 26ಕ್ಕೆ ಬೈಬಲ್ ಓದಿನಲ್ಲಿ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮಾತು ಸಿಕ್ತು, ಚಳಿಗಾಲಕ್ಕೆ ಮುಂಚೆ ಬಂದುಬಿಡು ಅಂತ. ಅದನ್ನ ತನಗೇ ಹೇಳಿದ್ದು ಅಂತ ತಗೊಂಡ್ರು. ಜುಲೈನಲ್ಲಿ ಹಡಗು ಹತ್ತಿದ್ರು. 1943ರಲ್ಲಿ ಅರೆಸ್ಟ್ ಆದ್ರು, 1945ರ ಏಪ್ರಿಲ್ 9ಕ್ಕೆ ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೆ ಹಾಕಿದ್ರು, ಆಗ 39 ವರ್ಷ.

ಇದರಲ್ಲಿ ತಾರೀಕುಗಳ ಕ್ರಮ ನೋಡಿ. ವಚನ ಬಂದು ನಿರ್ಧಾರ ಮಾಡಿಸ್ಲಿಲ್ಲ, ಮೊದಲು ಕಾರಣ ಪೂರ್ತಿ ಗೊತ್ತಿಲ್ಲದೇನೇ ನಿರ್ಧಾರ ಮಾಡಿದ್ರು, ಆಮೇಲೆ ವಚನ ಬಂದು ಜೊತೆಗೆ ನಿಂತ್ಕೊಳ್ತು. ಮತ್ತೆ ಆ ನಿರ್ಧಾರ ಅವರನ್ನ ಸುಖಕ್ಕೆ ಕರ್ಕೊಂಡು ಹೋಗ್ಲಿಲ್ಲ. "ದೇವರ ಚಿತ್ತದಲ್ಲಿ ನಡೆದ್ರೆ ಎಲ್ಲಾ ಸುಸೂತ್ರ" ಅಂತ ಪ್ರಸಂಗದಲ್ಲಿ ಯಾರಾದ್ರೂ ಹೇಳಿದಾಗ ನನ್ನ ಮನಸ್ಸು ಒಪ್ಪದೆ ಇರೋದು ಇದಕ್ಕೇ. ಸುಸೂತ್ರವಾಗಿದ್ದೆಲ್ಲ ದೇವರ ಚಿತ್ತ, ಅಡ್ಡಿ ಬಂದಿದ್ದೆಲ್ಲ ಅಲ್ಲ ಅನ್ನೋ ಲೆಕ್ಕ ಶಿಲುಬೆಯ ಮುಂದೆ ನಿಲ್ಲಲ್ಲ.

ದೇವರ ಹತ್ರ ಜ್ಞಾನ ಕೇಳಿದ ಸೊಲೊಮೋನ ರಾಜನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಆದ್ರೆ ಅವನು ಎಲ್ಲಿ ಜ್ಞಾನ ಕೇಳಿದ ಅನ್ನೋದನ್ನ ನಾನು ಬಹಳ ವರ್ಷ ಗಮನಿಸಿರ್ಲಿಲ್ಲ. ಗಿಬ್ಯೋನಿನಲ್ಲಿ. ಅದೇ ಗಿಬ್ಯೋನಿನ ಜನ ಅದಕ್ಕೂ ಎಷ್ಟೋ ಕಾಲ ಮುಂಚೆ ಇಸ್ರಾಯೇಲ್ಯರ ನಾಯಕ ಯೆಹೋಶುವನ ಹತ್ರ ಹರಿದ ಚೀಲ, ತೇಪೆ ಹಾಕಿದ ಕೆರ, ಬೂಜು ಹಿಡಿದ ರೊಟ್ಟಿ ಹಿಡ್ಕೊಂಡು ಬಂದು ನಾವು ತುಂಬಾ ದೂರದಿಂದ ಬಂದಿದ್ದೀವಿ ಅಂತ ನಂಬಿಸಿದ್ರು. ಇಸ್ರಾಯೇಲ್ಯರು ರೊಟ್ಟಿ ನೋಡಿದ್ರು, ಚೀಲ ನೋಡಿದ್ರು, ಎಲ್ಲಾ ಸರಿಯಾಗೇ ಕಾಣ್ತು, ಯೆಹೋವನನ್ನ ಮಾತ್ರ ಕೇಳ್ಲಿಲ್ಲ ಅಂತ ಯೆಹೋಶುವ 9ರಲ್ಲಿ ಬರೆದಿದೆ. ಮೂರು ದಿನ ಆದ ಮೇಲೆ ಅವರು ಪಕ್ಕದ ಊರವರು ಅಂತ ಗೊತ್ತಾಯ್ತು, ಅಷ್ಟರಲ್ಲಿ ನಿಮ್ಮನ್ನ ಕೊಲ್ಲಲ್ಲ ಅಂತ ಆಣೆ ಇಟ್ಟಾಗಿತ್ತು. ಅಂಥ ಊರಿನಲ್ಲಿ ಹೊಸದಾಗಿ ಪಟ್ಟಕ್ಕೆ ಬಂದ ಹುಡುಗ ರಾಜನಿಗೆ ಕನಸಿನಲ್ಲಿ ದೇವರು, ಏನು ಬೇಕೋ ಕೇಳು ಅಂತಾನೆ. ನಾನಿನ್ನೂ ಚಿಕ್ಕವನು, ಹೋಗೋದು ಬರೋದೂ ನನಗೆ ಗೊತ್ತಿಲ್ಲ, ಕೇಳಿ ವಿವೇಚಿಸೋ ಹೃದಯ ಕೊಡು ಅಂತಾನೆ ಸೊಲೊಮೋನ.

ಉತ್ತರ ಕೊಡು ಅಂತ ಕೇಳ್ಲಿಲ್ಲ. ಕೇಳಿಸಿಕೊಳ್ಳೋ ಹೃದಯ ಕೊಡು ಅಂದ. ಅದು ಸಿಕ್ಕಿದ ಮೇಲೆ ಅವನ ಮುಂದೆ ಬಂದು ನಿಂತ ಮೊದಲ ಕೇಸು ಯಾವ ರಾಜ್ಯಶಾಸ್ತ್ರದ್ದೂ ಅಲ್ಲ, ಒಂದು ಕೂಸಿಗಾಗಿ ಕಿತ್ತಾಡ್ತಿದ್ದ ಇಬ್ಬರು ಹೆಂಗಸರದ್ದು, ಸಾಕ್ಷಿ ಇಲ್ಲ, ಏನಿಲ್ಲ. ಅಲ್ಲಿ ಅವನು ಮಾಡಿದ್ದು, ಕೂಸನ್ನ ಕಡಿದು ಇಬ್ಬರಿಗೂ ಹಂಚಿ ಅಂದಾಗ ಬೇಡ, ಅವಳಿಗೇ ಕೊಟ್ಟುಬಿಡಿ ಅಂತ ನಿಜವಾದ ತಾಯಿ ಕೂಗಿದ್ದನ್ನ ಕೇಳಿಸ್ಕೊಂಡಿದ್ದು. ಪ್ರಾರ್ಥನೆಯಲ್ಲಿ ಕೇಳಿದ ಜ್ಞಾನ ಮನುಷ್ಯರ ಮಾತನ್ನ ಸರಿಯಾಗಿ ಕೇಳಿಸ್ಕೊಳ್ಳೋ ಕಿವಿಯಾಗಿ ಬಂತು ಅನ್ನೋದು ನನಗೆ ದೊಡ್ಡ ವಿಷಯ, ಯಾಕಂದ್ರೆ ನಮ್ಮ ಮನೆಯಲ್ಲೂ ಹಾಗೇ ಆಯ್ತು.

ನಮ್ಮ ಅಪ್ಪ ಹೋದ ಮೇಲೆ ಅಮ್ಮ ಹಾಸನದ ಮನೆಯಲ್ಲಿ ಒಬ್ಬರೇ ಇದ್ರು. ಅಣ್ಣ ದುಬೈಯಲ್ಲಿ, ಅಕ್ಕ ಮೈಸೂರಲ್ಲಿ, ನಾನು ಬೆಂಗಳೂರಲ್ಲಿ. ಒಂದು ಮಳೆಗಾಲದಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ರು, ಮೂಳೆ ಮುರಿದಿರ್ಲಿಲ್ಲ ಸದ್ಯ, ಆದ್ರೆ ಎದ್ದೇಳೋಕೆ ಆಗದೆ ಪಕ್ಕದ ಮನೆಯವರು ಹಾಲು ಕೊಡೋಕೆ ಬರೋವರೆಗೂ ಅಲ್ಲೇ ಒದ್ದೆ ನೆಲದ ಮೇಲೆ ಮಲಗಿದ್ರು. ಆ ರಾತ್ರಿಯಿಂದಾನೇ ಶುರುವಾಯ್ತು ನಮ್ಮ ಮೂವರ ಫೋನು. ಅಣ್ಣ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಕರ್ಕೊಂಡು ಹೋಗು ಅಂದ, ಅಕ್ಕ ಹೋಮ್ ನರ್ಸ್ ಇಡೋಣ ಅಂದ್ಲು, ನನಗೆ ಎರಡೂ ಸರಿ ಅನ್ನಿಸ್ತಿತ್ತು, ಎರಡೂ ತಪ್ಪು ಅನ್ನಿಸ್ತಿತ್ತು. ನಮ್ಮದು ಎರಡು ರೂಮಿನ ಫ್ಲ್ಯಾಟ್, ಮೂರನೇ ಮಹಡಿ, ಅಮ್ಮನಿಗೆ ಅಲ್ಲಿ ಮಾತಾಡೋಕೆ ಒಬ್ಬರೂ ಇಲ್ಲ. ಹಾಸನದಲ್ಲಿ ಅವರಿಗೆ ಸಭೆ ಇದೆ, ಸ್ತ್ರೀಯರ ಕೂಟ ಇದೆ, ಅಪ್ಪನ ಸಮಾಧಿ ಇದೆ.

ಯೇಸುಸಭೆಯವರು, ಅಂದ್ರೆ ಮಂಗಳೂರಲ್ಲಿ 1880ರಲ್ಲಿ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸುವಿಟ್ ಪಾದ್ರಿಗಳು, ಅವರ ಸಂಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಹೇಳಿದ ಒಂದು ನಿಯಮವನ್ನ ಒಬ್ಬ ಫಾದರ್ ಬಾಯಲ್ಲಿ ಕೇಳಿದ್ದೆ: ಮನಸ್ಸು ಕತ್ತಲಲ್ಲಿ ಇರೋವಾಗ ಮುಂಚೆ ಮಾಡಿದ ನಿರ್ಧಾರವನ್ನ ಬದಲಾಯಿಸಬೇಡ. ಇಗ್ನೇಷಿಯಸ್ ಸೈನಿಕನಾಗಿದ್ದು 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ತನ್ನ ಮನಸ್ಸಲ್ಲಿ ಬರೋ ಯಾವ ಯೋಚನೆ ಆಮೇಲೆ ಬರಡು ಮಾಡಿ ಹೋಗುತ್ತೆ, ಯಾವುದು ಶಾಂತಿ ಉಳಿಸಿ ಹೋಗುತ್ತೆ ಅಂತ ನೋಡ್ತಾ ನೋಡ್ತಾ ಇದನ್ನೆಲ್ಲ ಕಲಿಯೋಕೆ ಶುರು ಮಾಡಿದವರು. ನಾವು ಪ್ರೊಟೆಸ್ಟೆಂಟರು, ಆದ್ರೂ ಆ ಮಾತು ಆವತ್ತು ಕೈ ಹಿಡೀತು. ಬಿದ್ದ ವಾರವೇ ಏನೂ ತೀರ್ಮಾನ ಮಾಡೋದು ಬೇಡ, ಮೂವರೂ ಪ್ರಾರ್ಥನೆ ಮಾಡೋಣ, ಅಮ್ಮ ಓಡಾಡೋ ಹಾಗಾಗಲಿ ಅಂತ ನಾನು ಹೇಳಿದೆ. ಅಣ್ಣನಿಗೆ ಸಿಟ್ಟು ಬಂತು, ಪ್ರಾರ್ಥನೆ ಅಂತ ಹೇಳಿ ಸುಮ್ನೆ ತಳ್ಳಬೇಡ ಅಂದ. ಅವನ ಸಿಟ್ಟಲ್ಲೂ ನ್ಯಾಯ ಇತ್ತು, ಅಷ್ಟು ದೂರದಿಂದ ಭಯ ಇನ್ನೂ ದೊಡ್ಡದಾಗಿ ಕಾಣುತ್ತೆ.

ಸುಮ್ನೆ ತಳ್ಳೋದು ಬೇರೆ, ಕಾಯೋದು ಬೇರೆ. ಪರ್ಷಿಯಾ ರಾಜನ ಅರಮನೆಯಲ್ಲಿ ಕೆಲಸಕ್ಕಿದ್ದ ನೆಹೆಮೀಯ ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಅಂದ್ರೆ ಸುಮಾರು ನಾಲ್ಕು ತಿಂಗಳು, ಪ್ರಾರ್ಥನೆಯಲ್ಲೇ ಇದ್ದ. ಆದ್ರೆ ರಾಜ ಅರ್ತಷಸ್ತ ಏನು ಬೇಕು ಅಂತ ಕೇಳಿದ ದಿನ ಅವನ ಹತ್ರ ಪಟ್ಟಿ ರೆಡಿ ಇತ್ತು, ಎಷ್ಟು ದಿನ ರಜಾ, ಯಾವ ಅಧಿಪತಿಗಳಿಗೆ ಪತ್ರ, ಬಾಗಿಲ ತೊಲೆಗೆ ಯಾರ ತೋಪಿಂದ ಮರ. ಊರಿಗೆ ಬಂದ ಮೇಲೂ ಯಾರಿಗೂ ಹೇಳದೆ ರಾತ್ರಿ ಹೊತ್ತು ಪ್ರಾಣಿ ಹತ್ತಿ ಗೋಡೆ ಸುತ್ತ ಹೋಗಿ ಎಲ್ಲೆಲ್ಲಿ ಬಿದ್ದಿದೆ ಅಂತ ಕಣ್ಣಾರೆ ನೋಡಿದ. ಪ್ರಾರ್ಥನೆ ಮಾಡಿದವನಿಗೆ ಗೋಡೆ ನೋಡೋ ಕೆಲಸ ತಪ್ಪಲ್ಲ. ನಾವೂ ನೋಡಿದ್ವಿ. ಡಾಕ್ಟರ ಹತ್ರ ಅಮ್ಮನಿಗೆ ತಲೆ ಯಾಕೆ ತಿರುಗ್ತಿದೆ ಅಂತ ಕೇಳಿದ್ವಿ, ಬಿಪಿ ಮಾತ್ರೆಯ ಡೋಸ್ ಕಡಿಮೆ ಮಾಡಿದ್ರು. ಬಚ್ಚಲಿನ ನುಣುಪು ಟೈಲ್ಸ್ ಕಿತ್ತು ಒರಟು ಹಾಕ್ಸಿದ್ವಿ, ಗೋಡೆಗೆ ಸ್ಟೀಲ್ ಹಿಡಿಕೆ, ಹಾಸಿಗೆಯಿಂದ ಕೈಗೆಟುಕೋ ಹಾಗೆ ಸ್ವಿಚ್.

ಆದ್ರೂ ಮೂಲ ಪ್ರಶ್ನೆ ಹಾಗೇ ಇತ್ತು. ಕ್ರಿಸ್ಮಸ್ಸಿಗೆ ಅಣ್ಣ ಬಂದ, ಮೂವರೂ ಹಾಸನದಲ್ಲಿ ಸೇರಿದ್ವಿ. ರಾತ್ರಿ ಊಟ ಆದ ಮೇಲೆ ಕುಟುಂಬ ಪ್ರಾರ್ಥನೆ. ಅಪ್ಪ ಕೂತ್ಕೊಳ್ತಿದ್ದ ಬೆತ್ತದ ಕುರ್ಚಿಯಲ್ಲಿ ಅಮ್ಮ, ನಾವೆಲ್ಲ ಚಾಪೆ ಮೇಲೆ. ಅಣ್ಣ ಪ್ರಾರ್ಥನೆ ಮಾಡಿದ, ಅಕ್ಕ ಮಾಡಿದ್ಲು, ನಾನು ಮಾಡಿದೆ, ಮೂವರೂ ಅಮ್ಮನ ಆರೋಗ್ಯ, ಅಮ್ಮನ ಸುರಕ್ಷತೆ ಅಂತಾನೇ ಕೇಳ್ಕೊಂಡ್ವಿ. ಆಮೇಲೆ ಅಮ್ಮ ಶುರು ಮಾಡಿದ್ರು. ಯಾವಾಗಿನ ಹಾಗೆ ಸ್ತೋತ್ರದಿಂದ ಶುರು, ಊಟಕ್ಕೆ, ಮಳೆಗೆ, ಬಂದ ಮಕ್ಕಳಿಗೆ ಸ್ತೋತ್ರ. ಆಮೇಲೆ ದನಿ ಇಳಿಸಿ ಹೇಳಿದ್ರು, "ಕರ್ತನೇ, ನಾನು ಎಲ್ಲಿ ಇರ್ಲಿ, ಹೆಂಗೆ ಇರ್ಲಿ, ನನ್ನ ದೆಸೆಯಿಂದ ನನ್ನ ಮಕ್ಕಳು ಒಬ್ಬರಿಗೊಬ್ಬರು ಮಾತು ಬಿಡದ ಹಾಗೆ ಕಾಪಾಡಪ್ಪಾ."

ನಮಗೆ ಯಾರಿಗೂ ಆಮೆನ್ ಹೇಳೋಕೆ ಬಾಯಿ ಬರ್ಲಿಲ್ಲ. ಅಷ್ಟು ತಿಂಗಳು ನಾವು ಅಮ್ಮ ಎಲ್ಲಿರಬೇಕು ಅಂತ ಮಾತಾಡ್ತಿದ್ವಿ, ಅಮ್ಮನ ಭಯ ಬಚ್ಚಲುಮನೆಯದ್ದೂ ಅಲ್ಲ, ಒಂಟಿತನದ್ದೂ ಅಲ್ಲ, ಫೋನಲ್ಲಿ ನಾವು ಏರಿಸ್ತಿದ್ದ ದನಿಯದ್ದು. ಅದನ್ನ ನಮಗೆ ನೇರವಾಗಿ ಹೇಳೋಕೆ ಆಗದೆ ದೇವರಿಗೆ ಹೇಳಿದ್ರು, ನಮ್ಮ ಕಿವಿಗೆ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಣ್ಣನೇ ಕೇಳಿದ, "ಅಮ್ಮ, ನೀವು ಹೇಳಿ, ನಿಮಗೆ ಏನು ಬೇಕು?" ಅಮ್ಮ ಆರಾಮಾಗಿ ಹೇಳಿದ್ರು, ಓಡಾಡೋಕೆ ಆಗೋವರೆಗೂ ಇಲ್ಲಿ, ಆಗದ ದಿನ ನೀವು ಕರೆದ ಕಡೆ ಬರ್ತೀನಿ, ಹಟ ಮಾಡಲ್ಲ. ಅಷ್ಟೇ. ಅದಾದ ಮೇಲೆ ಉಳಿದಿದ್ದು ಏರ್ಪಾಡಿನ ಮಾತು. ಪರಿಚಯದ ಮನೆಯ ನರ್ಸಿಂಗ್ ಓದೋ ಹುಡುಗಿ ರಾತ್ರಿ ಬಂದು ಮಲಗ್ತಾಳೆ, ಅಕ್ಕ ಮೈಸೂರಿಂದ ಹೊಳೆನರಸೀಪುರದ ಮೇಲೆ ಬರೋ ರೈಲಲ್ಲಿ ಶನಿವಾರ ಬಂದು ಹೋಗ್ತಾಳೆ, ಅಣ್ಣ ಖರ್ಚು ನೋಡ್ಕೊಳ್ತಾನೆ, ಆಸ್ಪತ್ರೆ ವಿಷಯ ನನ್ನದು.

ಇದನ್ನ ಪವಾಡ ಅಂತ ಸಾಕ್ಷಿ ಹೇಳೋಕೆ ನಾನು ಸಭೆಯಲ್ಲಿ ಎದ್ದು ನಿಲ್ಲಲಿಲ್ಲ, ಆದ್ರೆ ನನ್ನ ಮಟ್ಟಿಗೆ ಇದು ದೇವರ ಉತ್ತರವೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆಕಾಶದಿಂದ ದನಿ ಬರ್ಲಿಲ್ಲ, ಕನಸು ಬೀಳ್ಲಿಲ್ಲ, ಕಾರ್ಡಿನಲ್ಲಿ ವಚನಾನೂ ಬರ್ಲಿಲ್ಲ. ಒಟ್ಟಿಗೆ ಕೂತು ಪ್ರಾರ್ಥಿಸಿದ್ದಕ್ಕೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸ್ತು. ಅದಕ್ಕೇ ಈಗೀಗ ಯಾರಾದ್ರೂ ನನ್ನ ಹತ್ರ ಬಂದು ದೊಡ್ಡ ನಿರ್ಧಾರಕ್ಕೆ ಪ್ರಾರ್ಥನೆ ಮಾಡಿ ಅಂದ್ರೆ, ಈ ನಿರ್ಧಾರ ಯಾರ್ಯಾರಿಗೆ ತಟ್ಟುತ್ತೋ ಅವರನ್ನೂ ಕೂರಿಸ್ಕೊಂಡು ಜೋರಾಗಿ ಪ್ರಾರ್ಥನೆ ಮಾಡಿ ಅಂತೀನಿ. ದಾನಿಯೇಲನೂ ಬಾಬೆಲಿನ ರಾಜನ ಕನಸನ್ನ ಬಿಡಿಸಿ ಹೇಳಬೇಕಾಗಿ ಬಂದಾಗ ಒಬ್ಬನೇ ಕೂರ್ಲಿಲ್ಲ, ಮನೆಗೆ ಹೋಗಿ ಮೂವರು ಗೆಳೆಯರಿಗೆ ಹೇಳಿ ಅವರನ್ನೂ ಬೇಡ್ಕೊಳ್ಳೋಕೆ ಹಚ್ಚಿದ.

ಉತ್ತರವೇ ಬರದ ಪ್ರಾರ್ಥನೆಗಳೂ ಇವೆ, ಅದನ್ನ ಬಿಟ್ಟು ಮಾತಾಡೋದು ಸರಿಯಲ್ಲ. ಅಪ್ಪನ ಕೊನೆಯ ದಿನಗಳಲ್ಲಿ ವೆಂಟಿಲೇಟರ್ ವಿಷಯದಲ್ಲಿ ನಾವು ಎಷ್ಟು ಬೇಡಿಕೊಂಡ್ರೂ ಯಾವ ಕಡೆಗೂ ಮನಸ್ಸಿಗೆ ಸ್ಪಷ್ಟ ಆಗ್ಲಿಲ್ಲ, ಡಾಕ್ಟರ್ ಹೇಳಿದ್ದನ್ನ ಕೇಳಿ, ಅಪ್ಪ ಮುಂಚೆ ಹೇಳಿದ್ದನ್ನ ನೆನೆಸ್ಕೊಂಡು, ಬೇಡ ಅಂತ ಸಹಿ ಹಾಕಿದ್ವಿ. ಸರಿಯೋ ತಪ್ಪೋ ಅಂತ ದೇವರು ಇವತ್ತಿನವರೆಗೂ ನನಗೆ ಹೇಳಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪವಿತ್ರಾತ್ಮ ಪೌಲನಿಗೆ ಆಸ್ಯ ಸೀಮೆಯಲ್ಲಿ ವಾಕ್ಯ ಸಾರೋಕೆ ಬಿಡ್ಲಿಲ್ಲ, ಬಿಥೂನ್ಯಕ್ಕೆ ಹೋಗೋಕೆ ಬಿಡ್ಲಿಲ್ಲ, ಯಾಕೆ ಅಂತ ಕಾರಣಾನೂ ಬರೆದಿಲ್ಲ, ಎರಡೂ ಕಡೆ ಬಾಗಿಲು ಮುಚ್ಚಿದ ಮೇಲೆ ನಡ್ಕೊಂಡು ತ್ರೋವದ ಸಮುದ್ರದ ದಡಕ್ಕೆ ಬಂದ, ಮಕೆದೋನ್ಯಕ್ಕೆ ಬಾ ಅನ್ನೋ ದರ್ಶನ ಬಂದಿದ್ದು ಅಲ್ಲಿ. ತ್ರೋವ ತಲುಪೋವರೆಗಿನ ಆ ದಾರಿಯಲ್ಲಿ ಪೌಲ ಏನಂತ ಪ್ರಾರ್ಥಿಸಿರಬಹುದು ಅಂತ ನಾನು ಯೋಚಿಸ್ತಿರ್ತೀನಿ. ಅಪ್ಪನ ವಿಷಯದಲ್ಲಿ ನಾನಿನ್ನೂ ಆ ದಾರಿಯಲ್ಲೇ ಇದ್ದೀನಿ. ಆದ್ರೆ ಪ್ರಾರ್ಥನೆ ನಿಂತಿಲ್ಲ.

ಈಗ ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಬೇಕು. ಹಾಸನದಲ್ಲೇ ಮಾಡ್ಸೋಣ ಅಂತ ಅಕ್ಕ, ಬೆಂಗಳೂರಿಗೆ ಕರ್ಕೊಂಡು ಬಾ ಅಂತ ಅಣ್ಣ, ಶುಗರ್ ಸ್ವಲ್ಪ ಜಾಸ್ತಿ ಇದೆ ಅಂತ ಡಾಕ್ಟರ್ ಕಾಯ್ತಿದ್ದಾರೆ. ಭಾನುವಾರ ರಾತ್ರಿ ನಾಲ್ಕು ಕಡೆಯಿಂದಲೂ ಫೋನಿಗೆ ಸೇರ್ತೀವಿ, ಮೊದಲು ಎಲ್ಲರೂ ಒಂದೊಂದು ಪ್ರಾರ್ಥನೆ, ಆಮೇಲೆ ಆಪರೇಷನ್ ಮಾತು.